ಸಂಘದ ಅಳಿದುಳಿದ ದಾಖಲೆ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಹಾಡು, ನಾಟಕಗಳಿಗೆಂದು ಸೇರಿರುವ ಈ ದಿನ ಕೆಟ್ಟುಹೋದ ಯಂತ್ರವೊಂದರ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಆ ಯಂತ್ರದೊಳಗಿದ್ದುದು ನಮ್ಮ ಹಿರಿಯರ ಕಂಠ. 1961ರ ಡಿಸೆಂಬರ್ 19ರಂದು ಗೋವೆಯು ಪೋರ್ತುಗೀಜರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಬಳಿಕ ವಿಜಾಪುರ, ಬಾಗಲಕೋಟೆ, ಗದಗ, ರಾಯಚೂರುಗಳ ಕಡೆಯಿಂದ ಬಂದು, ಇಲ್ಲಿಯ ಬಂದರಿನಲ್ಲಿ, ಗಣಿಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿದವರು ತಮ್ಮ ಬಾಳಿನ ಕಥೆಯನ್ನು ತಮ್ಮ ಬಾಯಿಂದಲೇ ಹೇಳಿದ್ದರು. ಸಂಘದ ತರುಣರು ಮನೆಮನೆಗೆ ಹೋಗಿ ಅದನ್ನು ಧ್ವನಿಮುದ್ರಿಸಿ, ಹಳೆಯ ಭಾವಚಿತ್ರಗಳೊಡನೆ ಅಂಗೈಯಗಲದ ಹಾರ್ಡ್ ಡಿಸ್ಕ್ ಒಂದರಲ್ಲಿ ಇರಿಸಿದ್ದರು. ಕಳೆದ ಆಷಾಢದಲ್ಲಿ ಅದು ಟಿಕ್ ಟಿಕ್ ಎಂದು ಸದ್ದುಮಾಡಿ ಸುಮ್ಮನಾಯಿತು.

ಈ ಸದ್ದಿನ ಅರ್ಥವನ್ನು ಎಲ್ಲರೂ ಅರಿತಿರುವುದು ಒಳ್ಳೆಯದು. ಇಂತಹ ಪೆಟ್ಟಿಗೆಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸಲ ಸುತ್ತುತ್ತವೆ. ಅವುಗಳನ್ನು ಮುಟ್ಟದೆ, ಕೂದಲಿನ ದಪ್ಪದ ಸಾವಿರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ, ಓದುವ ಮೊನೆಯು ತೇಲುತ್ತಿರುತ್ತದೆ. ಆ ಮೊನೆ ಕೆಟ್ಟು ತನ್ನ ಪಥವನ್ನು ಕಾಣದಾದಾಗ, ಹಿಂದಕ್ಕೆ ಹೋಗಿ ಮತ್ತೆ ಮತ್ತೆ ತಡಕಾಡುವುದೇ ಈ ಟಿಕ್ ಟಿಕ್. ಆಗ ಮಾಡತಕ್ಕುದು ಒಂದೇ: ವಿದ್ಯುತ್ ಸಂಪರ್ಕವನ್ನು ತೆಗೆಯುವುದು. ಇನ್ನೊಮ್ಮೆ ನೋಡೋಣವೆಂದು ಹಚ್ಚಿದ ಒಂದೊಂದು ಸಲವೂ ಮೊನೆಯು ತಟ್ಟೆಯನ್ನು ಕೆರೆಯುವ ಸಂಭವವುಂಟು. ಕೆರೆದುಹೋದ ಬರೆಹವನ್ನು ಯಾವ ಪಂಡಿತನೂ ಮರಳಿ ತರಲಾರನು. ಫ್ರಿಜ್ಜಿನಲ್ಲಿ ಇಟ್ಟರೆ ಸರಿಹೋಗುವುದೆಂಬ ಮನೆಮದ್ದೊಂದು ಪ್ರಚಾರದಲ್ಲಿದೆ. ಗೋವೆಯ ಮಳೆಗಾಲದಲ್ಲಿ ತಣ್ಣನೆಯ ತಂಬಿಗೆಯನ್ನು ಹೊರಗಿಟ್ಟೊಡನೆ ಅದರ ಮೈಮೇಲೆ ನೀರು ಹನಿಗಟ್ಟುವುದನ್ನು ಕಂಡವರು ಈ ಮದ್ದನ್ನು ನಂಬಲಾರರು!

ಸುಮ್ಮನಾದ ಡಿಸ್ಕುಗಳೆಲ್ಲ ಹೀಗೆ ಕೆಟ್ಟಿರುವುದಿಲ್ಲ. ಕೆಲವೊಮ್ಮೆ ದೋಷವಿರುವುದು ಕೇಬಲ್ಲಿನಲ್ಲಿ. ಕೆಲವೊಮ್ಮೆ ಹೊರಕವಚದ ಯು.ಎಸ್.ಬಿ. ಫಲಕದಲ್ಲಿ. ಫಲಕವನ್ನು ಮಾತ್ರ ಎಸೆಯಬಾರದು. ಕೆಲವು ಬಗೆಯ ಡಿಸ್ಕುಗಳಲ್ಲಿ ಬರೆಹವನ್ನು ಗೂಢಲಿಪಿಗೆ ತಿರುಗಿಸುವುದೂ ಅದೇ. ಬಲ್ಲವರು ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ಬೇರೊಂದರಲ್ಲಿ ತೆಗೆದುಕೊಂಡು, ಆ ಪ್ರತಿಯಲ್ಲಿಯೇ ಹುಡುಕುವರು. ಪೆಟ್ಟಿಗೆಯನ್ನು ಬಿಚ್ಚಲೇಬೇಕಾದರೆ ಧೂಳಿಲ್ಲದ ವಿಶೇಷ ಕೊಠಡಿ ಬೇಕು.

ನಮ್ಮ ಡಿಸ್ಕು ಅಂತಹ ಕೊಠಡಿಗೆ ಹೋಗಿಬಂದಿತು. ಭಾವಚಿತ್ರಗಳು ಬಹುಮಟ್ಟಿಗೆ ಮರಳಿ ದೊರೆತವು. ಧ್ವನಿಮುದ್ರಣಗಳ ಸಂಗತಿಯೇ ಬೇರೆ. ಹೇಳಿದವರ ಹೆಸರು, ಊರು, ದಿನಾಂಕ ಎಲ್ಲವೂ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಬಂದಿವೆ. ತೆರೆದು ನೋಡಿದರೆ ಅನೇಕವುಗಳಲ್ಲಿ ದನಿಯಿಲ್ಲ. ಪಟ್ಟಿಯು ತಟ್ಟೆಯ ಒಂದೆಡೆ, ದನಿಯು ಇನ್ನೊಂದೆಡೆ ಇರುತ್ತವೆಯಂತೆ. ಕೆರೆದುಹೋದುದು ದನಿಯಿದ್ದ ಭಾಗ. (ಕಡತವನ್ನು ಕೈತಪ್ಪಿ ಅಳಿಸಿದಾಗ ಆಗುವುದು ಇದಕ್ಕೆ ವಿರುದ್ಧ. ಪಟ್ಟಿಯಿಂದ ಹೆಸರು ಹೋಗುತ್ತದೆ, ಒಳಗಿನ ಬರೆಹ ಸ್ವಲ್ಪ ಕಾಲ ಉಳಿದಿರಬಹುದು. ಅದರ ಮೇಲೆ ಹೊಸತನ್ನು ಬರೆಯದಿದ್ದರೆ ಆಸೆಗೆ ಎಡೆಯುಂಟು.)

ಹೆಸರು ಉಳಿದು ಮಾತು ಅಳಿದುದು ಈ ನೆಲಕ್ಕೆ ಹೊಸತಲ್ಲ. 1560ರಲ್ಲಿ ಇಲ್ಲಿ ಸ್ಥಾಪಿತವಾದ ಇನ್‌ಕ್ವಿಜಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯವು, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಕೊನೆಗೊಂಡಿತು. ಅದರ ಮೊಕದ್ದಮೆಯ ಕಾಗದಗಳಲ್ಲಿ ಹೆಚ್ಚಿನವು ನಾಶವಾದವು. ಆದರೆ 1623ರಲ್ಲಿ ಜುವಾಂವ್ ದೆಲ್ಗಾದೊ ಫಿಗೇರಾ ಎಂಬ ಅಧಿಕಾರಿಯು ಸಿದ್ಧಪಡಿಸಿದ ಸುಮಾರು 3800 ಮೊಕದ್ದಮೆಗಳ ಸೂಚಿಯು ಲಿಸ್ಬನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿದೆ. ಹೆಸರುಂಟು, ಆರೋಪವುಂಟು, ಶಿಕ್ಷೆಯುಂಟು. ನಿಂತವರು ಏನೆಂದು ಉತ್ತರಿಸಿದರೆಂಬುದು ಬಹುಪಾಲು ಹೋಯಿತು.

ಬೇರೊಂದು ಊರಿನಲ್ಲಿ ಇದ್ದುದರಿಂದಲೇ ಆ ಸೂಚಿ ಉಳಿಯಿತು. ರೋಮನ್ ಲಿಪಿಯಲ್ಲಿರುವ ಹದಿನಾರನೆಯ ಶತಮಾನದ ಕೊಂಕಣಿ ರಾಮಾಯಣ, ಮಹಾಭಾರತಗಳ ಕಥೆಗಳು ಇಂದು ನಮಗೆ ದೊರೆತಿರುವುದೂ ಪೋರ್ತುಗಲ್ಲಿನ ಬ್ರಾಗಾ ಗ್ರಂಥಾಲಯದ ಹಸ್ತಪ್ರತಿಗಳಿಂದ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಪರಸ್ಥಳದಲ್ಲಿ ಎಂಬ ಸೂತ್ರವನ್ನು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದರು. ಅದರಂತೆ, ಉಳಿದುಬಂದುದರ ಒಂದು ಪ್ರತಿಯು ಈಗ ಘಟ್ಟದ ಮೇಲೆ ಧಾರವಾಡದಲ್ಲಿದೆ.

ಲಿಪಿಯ ಮಾತೂ ಇದೆ. ಕನ್ನಡ ಲಿಪಿಗೆ ಹತ್ತಿರವಾದ ಗೋಯ್‌ಕಾನಡಿಯಲ್ಲಿ ಇಲ್ಲಿಯ ಜನ ಹಿಂದೆ ಕಾಗದಪತ್ರಗಳನ್ನು ಬರೆಯುತ್ತಿದ್ದರು. ಇಂದು ಅದನ್ನು ಓದಬಲ್ಲವರು ವಿರಳ. ಸಂಘದ ಹಳೆಯ ವರದಿಗಳೂ ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿರುವುದರಿಂದ, ಆ ಫಾಂಟುಗಳಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ನಡೆದಿದೆ.

ಇನ್ನು ದನಿಯಿಲ್ಲದ ಹೆಸರುಗಳ ವಿಚಾರ. 1595ರಲ್ಲಿ ಗೋವೆಯ ದಫ್ತರಖಾನೆಗೆ ಮೊದಲ ಪಾಲಕನಾಗಿ ನೇಮಕಗೊಂಡ ದಿಯೋಗೊ ದೊ ಕೌತೊ ಎಂಬ ಇತಿಹಾಸಕಾರನ ಗ್ರಂಥದ ಎಂಟನೆಯ, ಒಂಬತ್ತನೆಯ ಸಂಪುಟಗಳ ಹಸ್ತಪ್ರತಿಗಳು ಆತನು ಕಾಯಿಲೆ ಬಿದ್ದಿದ್ದಾಗ ಕಳವಾದವು. ಎಪ್ಪತ್ತು ದಾಟಿದ ಆ ಮುದುಕನು ನೆನಪಿನ ಬಲದಿಂದ ಅವನ್ನು ಸಂಕ್ಷೇಪವಾಗಿ ಮತ್ತೆ ಬರೆದನು, 1616ರಲ್ಲಿ ತೀರಿಕೊಂಡನು. ಮೂಲದ ವಿಸ್ತಾರ ಅದರಲ್ಲಿಲ್ಲ. ಆದರೂ ಇಂದು ನಮಗಿರುವುದು ಅದೇ.

ನಮ್ಮ ಪಟ್ಟಿಯಲ್ಲಿರುವವರಲ್ಲಿ ಕೆಲವರು ನಮ್ಮನ್ನಗಲಿದ್ದಾರೆ. ಅವರ ದನಿಯು ಮಕ್ಕಳ, ಮೊಮ್ಮಕ್ಕಳ ಫೋನುಗಳಲ್ಲಿ, ಮದುವೆಯ ವಿಡಿಯೋಗಳಲ್ಲಿ ಎರಡು ಮಾತಿನಷ್ಟಿದ್ದರೂ ದಯವಿಟ್ಟು ತಂದುಕೊಡಬೇಕು. ಉಳಿದ ಹಿರಿಯರು ಈ ಸಭೆಯ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಹೇಳಿದ್ದನ್ನೇ ಮತ್ತೆ ಹೇಳುವ ಶ್ರಮವನ್ನು ಅವರು ವಹಿಸಬೇಕೆಂದು ಕೈಮುಗಿದು ಬೇಡುತ್ತೇವೆ. ಪಟ್ಟಿಯು ಕಾರ್ಯದರ್ಶಿಗಳ ಬಳಿ ಇದೆ. ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಧ್ವನಿಮುದ್ರಣಕ್ಕೆ ಏರ್ಪಾಡಾಗಿದೆ. ನಾಟಕವು ಆರು ಗಂಟೆಗೆ ಮೊದಲು ಆರಂಭವಾಗುವುದಿಲ್ಲ.