ನೀಲಿ ಕಿವಿಯ ವೀರ



ಇವತ್ತು ನಿಮಗೆ ಒಬ್ಬ ಹುಡುಗನ ಕತೆ ಹೇಳ್ತೀನಿ. ಇದು ಕಟ್ಟುಕತೆ ಅಲ್ಲ. 2012ರಲ್ಲಿ ಅಮೆರಿಕ ದೇಶದಲ್ಲಿ ನಡೆದ ಸಂಗತಿ.

ಆಗ ಹುಡುಗನಿಗೆ ನಾಲ್ಕು ವರುಷ. ಅವನ ಬಲ ಕಿವಿ ಏನೂ ಕೇಳಿಸದು. ಎಡ ಕಿವಿ ಅಷ್ಟಿಷ್ಟು ಕೇಳಿಸುತ್ತಿತ್ತು. ಅದಕ್ಕೇ ಅವನು ಕಿವಿ ಮಿಷನ್ ಹಾಕಿಕೊಳ್ಳುತ್ತಿದ್ದ. ಅದರ ಬಣ್ಣ ನೀಲಿ. ಮನೆಯಲ್ಲಿ ಅದಕ್ಕೆ 'ನೀಲಿ ಕಿವಿ' ಅಂತಲೇ ಹೆಸರು.

ಕಿವಿ ಮಿಷನ್ ಅಂದರೆ ಏನು? ಅದೊಂದು ಪುಟ್ಟ ಯಂತ್ರ. ಸೆಲ್ಲಿನಿಂದ ನಡೆಯುತ್ತದೆ. ಹೊರಗಿನ ಸದ್ದನ್ನು ಹಿಡಿಯುತ್ತದೆ. ಅದನ್ನು ಜೋರು ಮಾಡಿ ಕಿವಿಯ ಒಳಗೆ ಬಿಡುತ್ತದೆ. ಕಣ್ಣು ಮಂಜಾದವರಿಗೆ ಕನ್ನಡಕ ಇದ್ದ ಹಾಗೆ. ನಮ್ಮಲ್ಲೂ ಎಷ್ಟು ಜನ ಕನ್ನಡಕ ಹಾಕಿಕೊಂಡೇ ಅಕ್ಷರ ಕಲಿತಿಲ್ಲ, ಹೇಳಿ!

ಈ ಹುಡುಗನಿಗೆ ಕಾಮಿಕ್ಸ್ ಅಂದರೆ ಪ್ರಾಣ. ಕಾಮಿಕ್ಸ್ ಅಂದರೆ ಚಿತ್ರಗಳಲ್ಲೇ ಕತೆ ಹೇಳುವ ಪುಸ್ತಕ. ಅದರಲ್ಲಿ ಸೂಪರ್ ಹೀರೋಗಳು ಬರುತ್ತಾರೆ. ಒಬ್ಬ ಆಕಾಶದಲ್ಲಿ ಹಾರುತ್ತಾನೆ. ಇನ್ನೊಬ್ಬ ಗೋಡೆ ಹತ್ತುತ್ತಾನೆ. ಕಷ್ಟದಲ್ಲಿ ಇದ್ದವರನ್ನು ಕಾಪಾಡುತ್ತಾರೆ. ಹಿಂದೆ ನಮ್ಮ ಮಕ್ಕಳು ಟಿ.ವಿ.ಯಲ್ಲಿ ಶಕ್ತಿಮಾನ್ ನೋಡಿ, ಕೈ ಮೇಲೆತ್ತಿ ಗಿರಗಿರ ತಿರುಗುತ್ತಿದ್ದರಲ್ಲ, ಅಂಥ ವೀರರು.

ಒಂದು ದಿನ ಹುಡುಗ ಹಟ ಹಿಡಿದ. ಮಿಷನ್ ಬೇಡ ಅಂದ. ಯಾಕಪ್ಪಾ ಅಂದರೆ, ಸೂಪರ್ ಹೀರೋಗಳು ನೀಲಿ ಕಿವಿ ಹಾಕ್ಕೊಳ್ಳಲ್ಲ ಅಂದ.

ಇದೇನು ಸಣ್ಣ ಮಾತು ಅನ್ನಬೇಡಿ. ಮಗು ಮಾತು ಕಲಿಯುವುದು ಕಿವಿಯಿಂದ. ಕೇಳಿಸಿದರೆ ತಾನೆ ಹೇಳಲು ಬರುವುದು? ಸಣ್ಣ ವಯಸ್ಸಿನಲ್ಲಿ ಮಿಷನ್ ಬಿಟ್ಟರೆ ಮಾತು ಹಿಂದೆ ಬೀಳುತ್ತದೆ. ಓದೂ ಹಿಂದೆ ಬೀಳುತ್ತದೆ.

ಆ ತಾಯಿ ಮಗನಿಗೆ ಹೊಡೆಯಲಿಲ್ಲ. ಒಂದು ಕಾಗದ ಬರೆದರು. ಯಾರಿಗೆ? ಆ ಪುಸ್ತಕಗಳನ್ನು ಅಚ್ಚು ಹಾಕುವ ಮಾರ್ವೆಲ್ ಎಂಬ ಕಂಪನಿಗೆ. ಕಂಪ್ಯೂಟರಿನಲ್ಲಿ ಬರೆದು ಇ-ಮೇಲ್ ಕಳಿಸಿದರು. ಅಲ್ಲಿ ಇಂಥವರೇ ಓದಲಿ ಅಂತ ಬರೆದದ್ದಲ್ಲ. ಕಂಪನಿಯ ವಿಳಾಸಕ್ಕೆ ಸುಮ್ಮನೆ ಕಳಿಸಿದ್ದು. ಮಗನ ವಿಷಯ ಬರೆದು, ಕಿವಿ ಮಿಷನ್ ಹಾಕಿಕೊಳ್ಳುವ ವೀರ ನಿಮ್ಮ ಕತೆಯಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದರು.

ಉತ್ತರ ಬಂತು! ಜೊತೆಗೆ ಒಂದು ಚಿತ್ರವೂ ಬಂತು. ಅದು ಹಾಕ್‌ಐ ಎಂಬ ಬಿಲ್ಲುಗಾರನ ಚಿತ್ರ. ನಮ್ಮ ಅರ್ಜುನನ ಹಾಗೆ ಅವನ ಗುರಿ ತಪ್ಪದು. 1983ರ ಒಂದು ಕತೆಯಲ್ಲಿ ಅವನ ಕಿವಿ ಕೆಟ್ಟಿತು. ಆಮೇಲೆ ಅವನೂ ಮಿಷನ್ ಹಾಕಿಕೊಂಡ. ಆದರೂ ವೀರನೇ.

ಅಷ್ಟಕ್ಕೇ ಮುಗಿಯಲಿಲ್ಲ. ಕಂಪನಿಯ ಕಲಾವಿದರು ಒಬ್ಬ ಹೊಸ ವೀರನ ಚಿತ್ರ ಬರೆದರು. ಅವನ ಹೆಸರು 'ನೀಲಿ ಕಿವಿ'. ಕಷ್ಟದಲ್ಲಿ ಇರುವವರ ಕೂಗು ಅವನಿಗೆ ಆ ಮಿಷನ್‌ನಿಂದಲೇ ಕೇಳಿಸುತ್ತದೆ. ಯಾವುದನ್ನು ಹಾಕಲು ಹುಡುಗ ನಾಚಿದನೋ, ಅದೇ ಅವನ ಶಕ್ತಿ ಆಯಿತು. ಪುಸ್ತಕ ನೋಡುತ್ತಿದ್ದ ಹುಡುಗ ತಾನೇ ಚಿತ್ರದ ವೀರ ಆಗಿಬಿಟ್ಟ. ಹುಡುಗ ಮತ್ತೆ ಮಿಷನ್ ಹಾಕಿಕೊಂಡ.

ಈಗ ನಮ್ಮ ಊರಿನ ಮಾತು ಆಡೋಣ. ಕಿವಿ ಕೇಳಿಸದ ಮಗುವನ್ನು ನಾವು ಏನಂತ ಕರೀತೀವಿ? ಕೆಪ್ಪ ಅಂತೀವಿ, ಕೆಪ್ಪಿ ಅಂತೀವಿ. ಹೆಣ್ಣುಮಗು ಆದರಂತೂ ಮಿಷನ್ ಬೇಡವೇ ಬೇಡ, ನಾಳೆ ಗಂಡು ಸಿಗಲ್ಲ ಅಂತೀವಿ. ಕೂದಲಲ್ಲಿ ಕಿವಿ ಮುಚ್ಚಿಡ್ತೀವಿ. ಮುಚ್ಚಿದರೆ ಮಗುವಿಗೆ ಕೇಳಿಸುತ್ತದೆಯೆ?

ಕೂಸು ಜೋರು ಸದ್ದಿಗೆ ಬೆಚ್ಚದೆ ಇದ್ದರೆ ಗಮನಿಸಿ. ವರುಷ ತುಂಬಿದರೂ ಹೆಸರು ಕೂಗಿದಾಗ ತಿರುಗದಿದ್ದರೆ ಗಮನಿಸಿ. ದೊಡ್ಡದಾದ ಮೇಲೆ ಸರಿಹೋಗುತ್ತೆ ಅಂತ ಕಾಯಬೇಡಿ. ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ಡಾಕ್ಟರಿಗೆ ತೋರಿಸಿ. ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಅಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆ. ಪುಟ್ಟ ಮಕ್ಕಳಿಗೆ ಶಾಲೆಯೂ ಇದೆ. ಮಗುವಿಗೆ ಮಾತು ಕಲಿಸುವುದು ಹೇಗೆ ಅಂತ ತಾಯಂದಿರಿಗೂ ಹೇಳಿಕೊಡುತ್ತಾರೆ. ಕಡಿಮೆ ವರಮಾನದವರಿಗೆ ಮಿಷನ್ ಉಚಿತವಾಗಿ ಕೊಡುವ ಸರ್ಕಾರದ ಯೋಜನೆಯೂ ಉಂಟು. ಕೇಳಿ ತಿಳಿದುಕೊಳ್ಳಿ.

ಕೊನೆಗೆ ಒಂದು ಮಾತು. ಆ ಅಮೆರಿಕದ ತಾಯಿ ಮಾಡಿದ್ದು ಏನು? ನಾಲ್ಕು ಸಾಲು ಬರೆದದ್ದು. ನಿಮಗೂ ಈಗ ಬರೆಯಲು ಬರುತ್ತದೆ. ಅಕ್ಷರ ಸೊಟ್ಟ ಇದ್ದರೂ ಚಿಂತೆಯಿಲ್ಲ. ನಿಮ್ಮ ಬೀದಿಯಲ್ಲಿ ಕಿವಿ ಮಂದ ಇರುವ ಮಗು ಇದೆಯೆ? ಮಗುವಿನ ಹೆಸರು, ವಯಸ್ಸು, ಅದಕ್ಕೆ ಏನು ಕೇಳಿಸುತ್ತದೆ, ಏನು ಕೇಳಿಸದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಗುವಿನ ತಾಯಿಯನ್ನೂ ಕರೆದುಕೊಂಡು ಹೋಗಿ, ಆ ಹಾಳೆಯನ್ನು ಡಾಕ್ಟರ ಕೈಗೆ ಕೊಡಿ.