ಐದು ಟಿಎಂಸಿ ಸಮುದ್ರ



ಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ತಪ್ಪದೆ ಏಳುವ ಮಾತೊಂದಿದೆ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕಡಲತೀರ ಇಟ್ಟುಕೊಂಡು ಕೋಲಾರ, ಚಿತ್ರದುರ್ಗ ಯಾಕೆ ಬಾಯಾರಬೇಕು? ಸಮುದ್ರದ ನೀರನ್ನೇ ಸಿಹಿ ಮಾಡಿ ತಂದರಾಯಿತಲ್ಲ? ಇದನ್ನು ನಕ್ಕು ತಳ್ಳಿಹಾಕುವವರಿದ್ದಾರೆ, ಇದೊಂದೇ ದಾರಿ ಎಂದು ಮೇಜು ಗುದ್ದುವವರೂ ಇದ್ದಾರೆ. ಇಬ್ಬರೂ ಕಾಗದ ಪೆನ್ನು ಹಿಡಿದು ಕೂತದ್ದು ಕಡಿಮೆ. ಇವತ್ತು ಆ ಲೆಕ್ಕವನ್ನೇ ಮಾಡೋಣ.

ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸುವವರಿಗೆ ಆರ್‌ಓ ಹೊಸದಲ್ಲ. ಕಡಲ ನೀರಿಗೂ ಅದೇ ವಿದ್ಯೆ. 1959ರ ಸುಮಾರಿಗೆ ಲಾಸ್ ಏಂಜಲೀಸಿನ ಪ್ರಯೋಗಾಲಯವೊಂದರಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್ ರೂಪಿಸಿದ ಪೊರೆಯೇ ಇದಕ್ಕೆ ದಾರಿ ತೆರೆದದ್ದು. ಆದರೆ ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಆ ಉಪ್ಪನ್ನು ಹಿಂದೆ ಬಿಟ್ಟು ನೀರನ್ನು ಪೊರೆಯಾಚೆ ತಳ್ಳಲು ವಾತಾವರಣದ ಒತ್ತಡದ ಅರವತ್ತು ಪಟ್ಟಿನ ಆಸುಪಾಸು ಒತ್ತಡ ಬೇಕು. ಅಷ್ಟು ತಳ್ಳಿದರೂ ನೂರು ಲೀಟರಿಗೆ ದಕ್ಕುವುದು ನಲವತ್ತು, ನಲವತ್ತೈದು ಲೀಟರ್. ಉಳಿದದ್ದು ಹೆಚ್ಚುಕಡಿಮೆ ಎರಡರಷ್ಟು ಉಪ್ಪಾಗಿ ಕಡಲಿಗೇ ವಾಪಸ್ಸು.

ಸಾವಿರ ಲೀಟರಿಗೆ ಇವತ್ತು ಮೂರರಿಂದ ನಾಲ್ಕು ಯೂನಿಟ್ ಕರೆಂಟ್ ಖರ್ಚಾಗುತ್ತದೆ. ಹೊರಹೋಗುವ ಉಪ್ಪುನೀರಿನ ಒತ್ತಡವನ್ನು ಮರಳಿ ಹಿಡಿಯುವ ಯಂತ್ರಗಳು ಬಂದ ಮೇಲೆ ಇಳಿದ ಲೆಕ್ಕವಿದು. ಪ್ರಕೃತಿ ನಿಯಮದ ಪ್ರಕಾರವೇ ಕನಿಷ್ಠ ಒಂದು ಯೂನಿಟ್ ಬೇಕು. ಹಾಗಾಗಿ ನಾಳೆ ಯಾರೋ ಬಂದು ಪುಕ್ಕಟೆ ಮಾಡಿಯಾರು ಎಂಬ ಆಸೆ ಬೇಡ.

ದಡದಲ್ಲಿರುವ ಊರಿಗೆ ಇದು ಭರಿಸಲಾಗದ ಹೊರೆಯೇನಲ್ಲ. 2010ರಲ್ಲಿ ಚೆನ್ನೈ ಬಳಿಯ ಮಿಂಜೂರು ಘಟಕ ಶುರುವಾದಾಗ ಸಾವಿರ ಲೀಟರಿಗೆ 50 ರೂಪಾಯಿಗೆ ಕೊಂಚ ಕಡಿಮೆ ದರವಿತ್ತು. ನಾಣ್ಯದ ಘಟಕದಲ್ಲಿ ನಮ್ಮ ಹಳ್ಳಿಯವರು ಕೊಡುವುದು ಸಾವಿರ ಲೀಟರಿಗೆ 250 ರೂಪಾಯಿ! ಬಿಡಿಯಾಗಿ ಕೊಳ್ಳುವಾಗ ಯಾರೂ ಗುಣಿಸಿ ನೋಡುವುದಿಲ್ಲ.

ಕಷ್ಟ ಶುರುವಾಗುವುದು ಘಟ್ಟ ಹತ್ತುವಾಗ. ಬೆಂಗಳೂರು ಕಡಲಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಏರಿಸಲು, ಪಂಪಿನ ನಷ್ಟ ಸೇರಿದರೆ, ಮೂರು ಯೂನಿಟ್ ದಾಟುತ್ತದೆ. ಅಂದರೆ ಉಪ್ಪು ತೆಗೆಯುವಷ್ಟೇ ಖರ್ಚು ಏರಿಸುವುದಕ್ಕೂ ಬಿತ್ತು. ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಮೇಲೆತ್ತುವ ಕಾವೇರಿಯ ಕರೆಂಟ್ ಬಿಲ್ಲಿಗೇ ನಮ್ಮ ಜಲಮಂಡಳಿ ಏದುಸಿರು ಬಿಡುತ್ತಿದೆ. ಅದೇ ಬೆಂಗಳೂರಿನ ಚರಂಡಿಗಳಲ್ಲಿ ದಿನಕ್ಕೆ 100 ಕೋಟಿ ಲೀಟರಿಗೂ ಹೆಚ್ಚು ಕೊಳಚೆ ನೀರು ಹರಿಯುತ್ತದೆ. ಅದರಲ್ಲಿರುವ ಉಪ್ಪು ಕಡಲಿಗೆ ಹೋಲಿಸಿದರೆ ಅತ್ಯಲ್ಪ, ಏರಿಸುವ ಘಟ್ಟವೂ ಇಲ್ಲ. 2018ರಿಂದ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದು ಇದನ್ನೇ. ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿದೆ ಎಂಬ ಅಲ್ಲಿಯ ರೈತರ ತಕರಾರು ನ್ಯಾಯವಾದದ್ದು. ಆದರೆ ಮೂರನೇ ಹಂತ ಸೇರಿಸಿದರೂ ಕಡಲಿಗಿಂತ ಅಗ್ಗವೇ.

ಇನ್ನು ಕರೆಂಟ್ ಬಿಲ್ಲಿನಲ್ಲಿ ಕಾಣದ ಖರ್ಚು. ದಶಕದ ಬರದಲ್ಲಿ ಬೆಂದ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕಾಗಿ ವಂಥಾಗಿಯಲ್ಲಿ ವರ್ಷಕ್ಕೆ 15,000 ಕೋಟಿ ಲೀಟರ್ ಸಾಮರ್ಥ್ಯದ ಘಟಕ ಕಟ್ಟಲಾಯಿತು. 2012ರ ಡಿಸೆಂಬರಿನಲ್ಲಿ ಅದು ಸಿದ್ಧವಾಗುವ ಹೊತ್ತಿಗೆ ಮಳೆ ಬಂದು ಜಲಾಶಯಗಳು ತುಂಬಿದ್ದವು. ಮೊದಲ ಬಾರಿ ನೀರು ತರಿಸಲು ಆದೇಶ ಕೊಟ್ಟದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಒಂದು ಹನಿ ಪಡೆಯದಿದ್ದರೂ ಒಪ್ಪಂದದಂತೆ ವರ್ಷಕ್ಕೆ ಸುಮಾರು 60 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆರಬೇಕಾಯಿತು. ನಾನಿದನ್ನು ದಡ್ಡತನ ಎನ್ನಲಾರೆ. ಮಳೆ ಚೆನ್ನಾಗಿ ಬಂದ ವರ್ಷ ಬೆಳೆವಿಮೆಯ ಕಂತು ದಂಡವಾಯಿತು ಎಂದು ರೈತ ಗೊಣಗುವುದೂ ಹೀಗೆಯೇ. ಆದರೆ ಕಂತು ಎಷ್ಟೆಂದು ಜನರಿಗೆ ಮೊದಲೇ ಹೇಳಬೇಕಿತ್ತು. ಅದೇ ದೇಶದ ಪರ್ತ್ ನಗರದ ಕಥೆ ಬೇರೆ. ಅಲ್ಲಿ 1970ರ ದಶಕದಿಂದಲೇ ಮಳೆ ಇಳಿಮುಖ, ಜಲಾಶಯಗಳಿಗೆ ಒಳಹರಿವೇ ಸೊರಗಿತ್ತು. 2006ರಲ್ಲಿ ತೆರೆದ ಘಟಕಕ್ಕೆ ಬಿಡುವಿಲ್ಲದ ಕೆಲಸ. ಬರ ಬಂದುಹೋಗುವ ಊರಿಗೂ ಮಳೆಯೇ ಕಡಿಮೆಯಾದ ಊರಿಗೂ ಒಂದೇ ಔಷಧಿ ಬರೆಯಲಾಗದು.

ಚೆನ್ನೈ ಮೊದಲನೆಯ ಜಾತಿಯದು. 2015ರಲ್ಲಿ ಮುಳುಗಿತು, 2019ರಲ್ಲಿ ಅದರ ನಾಲ್ಕು ಜಲಾಶಯಗಳೂ ಒಣಗಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಮಿಂಜೂರು ಮತ್ತು ನೆಮ್ಮೇಲಿಯ ತಲಾ 10 ಕೋಟಿ ಲೀಟರಿನ ಘಟಕಗಳು ಆ ಬೇಸಿಗೆಯಲ್ಲಿ ಊರಿನ ಜೀವ ಹಿಡಿದವು. ನೆಮ್ಮೇಲಿಯ ಆಸುಪಾಸಿನ ಮೀನುಗಾರರು ದಡ ಕೊರೆಯುತ್ತಿದೆ, ಬಲೆಗೆ ಮೀನು ಕಡಿಮೆಯಾಗಿದೆ ಎಂದು ದೂರುತ್ತಲೇ ಇದ್ದಾರೆ. ನಲ್ಲಿ ತಿರುಗಿಸುವವರ ಬಿಲ್ಲಿನಲ್ಲಿ ಅವರ ನಷ್ಟಕ್ಕೆ ಒಂದು ಸಾಲೂ ಇಲ್ಲ.

ಈ ಚೆನ್ನೈಗೂ ನಮಗೂ ಕೃಷ್ಣೆಯ ನಂಟಿದೆ. 1976ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಮತ್ತು ಆಗಿನ ಆಂಧ್ರಪ್ರದೇಶ ಆ ಊರಿನ ಕುಡಿಯುವ ನೀರಿಗೆಂದು ತಲಾ 5 ಟಿಎಂಸಿ ಬಿಟ್ಟುಕೊಡಲು ಒಪ್ಪಿದವು. ಅದೇ ಊರಿಗಾಗಿ ಪೆರೂರಿನಲ್ಲಿ ದಿನಕ್ಕೆ 40 ಕೋಟಿ ಲೀಟರಿನ ಘಟಕಕ್ಕೆ 2023ರಲ್ಲಿ ಶಂಕುಸ್ಥಾಪನೆ ಆಗಿದೆ. ಗುಣಿಸಿ ನೋಡಿ, ವರ್ಷಕ್ಕೆ 5 ಟಿಎಂಸಿಗೆ ಕೊಂಚ ಮೇಲೆ. ನಮ್ಮ ಪಾಲು ಎಷ್ಟೋ ಅಷ್ಟು.

ಬಯಲುಸೀಮೆಗೆ ಸಮುದ್ರದಿಂದ ಲಾಭ ಸಿಗುವುದಾದರೆ ಅದು ಕೊಳವೆಯಲ್ಲಿ ಅಲ್ಲ, ಹೀಗೆ ವಿನಿಮಯದಲ್ಲಿ. ದಡದವರು ಕಡಲನ್ನು ಕುಡಿದರೆ ನದಿಯ ನೀರು ಮೇಲಿನವರಿಗೆ ಉಳಿಯುತ್ತದೆ. ಮಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ಇದು ಕಂಡಿದೆ. 2019ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ಅದು ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಘಟಕ ಹಾಕಿಕೊಂಡಿತು.

ಹಾಗಾದರೆ ನಮ್ಮ 5 ಟಿಎಂಸಿ ಬಿಟ್ಟುಕೊಡಿ ಎಂದು ಚೆನ್ನೈಯನ್ನು ಕೇಳಬಹುದೇ? ಕೇಳಬಹುದು. ಆದರೆ ಕಡಲ ನೀರಿನ ಖರ್ಚನ್ನು ಅವರೊಬ್ಬರೇ ಹೊರಲಿ ಎನ್ನುವುದು ತರವಲ್ಲ. 5 ಟಿಎಂಸಿಗೆ ಸುಮಾರು 50 ಕೋಟಿ ಯೂನಿಟ್ ಬೇಕು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 350 ಕೋಟಿ. ಎಕರೆ ಭತ್ತಕ್ಕೆ 50 ಲಕ್ಷ ಲೀಟರ್ ಎಂದರೂ ಈ ನೀರು ಸಾಕಾಗುವುದು 28,000 ಎಕರೆಗೆ. ಎಕರೆಗೆ ಸವಾಲಕ್ಷ ರೂಪಾಯಿ ಬರೀ ಕರೆಂಟಿಗೆ! ಯಾವ ಭತ್ತವೂ ಅದನ್ನು ತೀರಿಸದು. ಅದೇ ನೀರು ತಲೆಗೆ ದಿನಕ್ಕೆ 100 ಲೀಟರಿನಂತೆ 38 ಲಕ್ಷ ಜನರಿಗೆ ವರ್ಷವಿಡೀ ಸಾಕು. ತಲೆಗೆ ವರ್ಷಕ್ಕೆ 900 ರೂಪಾಯಿ, ಬಂಡವಾಳ ಸೇರಿದರೆ ಅದರ ದುಪ್ಪಟ್ಟು ಎನ್ನಿ. ಕೊಳವೆಬಾವಿಯಲ್ಲಿ ಫ್ಲೋರೈಡ್ ಕುಡಿಯುತ್ತಿರುವ ರಾಯಚೂರು, ಯಾದಗಿರಿಯ ಹಳ್ಳಿಗಳ ಹೆಸರಿನಲ್ಲಿ ಈ ಲೆಕ್ಕ ಹಿಡಿದು ಚೆನ್ನೈ ಜೊತೆ ಮಾತಿಗೆ ಕೂರಬಹುದು. ಭತ್ತದ ಲೆಕ್ಕ ಹಿಡಿದು ಹೋದರೆ ಮೊದಲ ದಿನವೇ ಎದ್ದು ಬರಬೇಕಾದೀತು.