ಕಂಪ್ಯೂಟರಿನ ಕಸ ತೆಗೆಯುವ ಮೊದಲು



ಕೊಂಡಾಗ ಚುರುಕಾಗಿದ್ದ ಕಂಪ್ಯೂಟರು ನಾಲ್ಕೈದು ವರ್ಷಗಳಲ್ಲಿ ಆಮೆಯಾಗುತ್ತದೆ. ಆಗಲೇ ಪರದೆಯ ಮೇಲೆ 'ನಿಮ್ಮ ಯಂತ್ರದಲ್ಲಿ ಸಾವಿರ ದೋಷಗಳಿವೆ, ಹಣ ಕಟ್ಟಿ ಸರಿಪಡಿಸಿ' ಎಂಬ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದವನಾಗಿ ಹೇಳುತ್ತೇನೆ: ಹೆದರಿಸಿ ದುಡ್ಡು ಕೇಳುವವರನ್ನು ನಂಬಬೇಡಿ. ಬೇಕಾದ ಉಪಕರಣಗಳು ವಿಂಡೋಸಿನೊಳಗೇ ಇವೆ.

ಮೊದಲ ಕೆಲಸ, ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಬೇರೆ ಡಿಸ್ಕಿನಲ್ಲೋ ಇಟ್ಟುಕೊಳ್ಳುವುದು. ನಕಲಿಲ್ಲದೆ ಅಸಲನ್ನು ಅಲುಗಿಸಬಾರದು.

ಎರಡನೆಯದು, ನೂಕುನುಗ್ಗಲು ತಪ್ಪಿಸುವುದು. ಬ್ಯಾಂಕಿನ ಬಾಗಿಲು ತೆರೆದೊಡನೆ ಐವತ್ತು ಮಂದಿ ಒಟ್ಟಿಗೆ ನುಗ್ಗಿದರೆ ಒಬ್ಬ ಗುಮಾಸ್ತ ಏನು ಮಾಡಿಯಾನು? ಕಂಪ್ಯೂಟರಿನ ಪಾಡೂ ಅದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರದೊಂದಿಗೇ ತಾವಾಗಿ ಎದ್ದೇಳುವ ಪ್ರೋಗ್ರಾಮುಗಳ ಪಟ್ಟಿ ಅದರ ಸ್ಟಾರ್ಟಪ್ ವಿಭಾಗದಲ್ಲಿದೆ. ದಿನವೂ ಬೇಡದವುಗಳನ್ನು 'ಡಿಸೇಬಲ್' ಮಾಡಿ. ಅವು ಅಳಿಸಿಹೋಗುವುದಿಲ್ಲ, ಕರೆದಾಗ ಬರುತ್ತವೆ. ಆಂಟಿವೈರಸ್ಸನ್ನು ಮಾತ್ರ ಮುಟ್ಟಬೇಡಿ.

ಮೂರನೆಯದು ಕಸ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂದು ಹೋಗಿ 'ಟೆಂಪರರಿ ಫೈಲ್ಸ್' ತೆರೆಯಿರಿ. ಅಳಿಸಬಹುದಾದ ಫೈಲುಗಳ ಪಟ್ಟಿ ಬರುತ್ತದೆ. ಅದರಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರಬಹುದು. ಅಲ್ಲಿ ಗುರುತು ಹಾಕುವ ಮುನ್ನ ಎಚ್ಚರ! ಪಿಂಚಣಿಯ ಕಾಗದ, ಜಮೀನಿನ ದಾಖಲೆ, ಮಕ್ಕಳ ಕನ್ನಡ ಪಾಠ ಎಲ್ಲವೂ ಆ ಕೋಣೆಯಲ್ಲೇ ಬಿದ್ದಿರುತ್ತವೆ. ಗಡಿಯಾಚೆ ಬಾಳುವ ನಮಗೆ ಕಳೆದುಹೋದ ಕನ್ನಡದ ಒಂದು ಹಾಳೆ ಮತ್ತೆ ಸುಲಭಕ್ಕೆ ಸಿಕ್ಕದು.

'ರಿಜಿಸ್ಟ್ರಿ ಕ್ಲೀನರ್'ಗಳ ಗೊಡವೆ ಬೇಡ. ವಿಂಡೋಸಿನ ರಿಜಿಸ್ಟ್ರಿಯೆಂದರೆ ಬ್ಯಾಂಕಿನ ಲೆಡ್ಜರು ಇದ್ದ ಹಾಗೆ. ಹೊರಗಿನವರು ಬಂದು ಸಾಲು ಹೊಡೆದುಹಾಕುವಂತಿಲ್ಲ. ಇಂಥ ತಂತ್ರಾಂಶಗಳಿಗೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ಹೆಸರುವಾಸಿಯಾದವುಗಳಿಗೂ ಅಪಾಯ ತಪ್ಪಿದ್ದಲ್ಲ. 2017ರಲ್ಲಿ ಸಿಕ್ಲೀನರ್ ತಂತ್ರಾಂಶದ ಒಂದು ಆವೃತ್ತಿಯೊಳಕ್ಕೆ ಕಳ್ಳರು ದುಷ್ಟ ಕೋಡ್ ಸೇರಿಸಿದ್ದರು. ಅದು 20 ಲಕ್ಷಕ್ಕೂ ಹೆಚ್ಚು ಬಳಕೆದಾರರನ್ನು ತಲುಪಿತ್ತು.

ಇಷ್ಟಾದರೂ ಯಂತ್ರ ತೆವಳುತ್ತಿದ್ದರೆ, ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ. ಯಾವ ತಂತ್ರಾಂಶವೂ ಕೊಡದ ವೇಗ ಅದರಿಂದ ಬರುತ್ತದೆ. ಎಸ್‌ಎಸ್‌ಡಿಗೆ ಹಳೆಯ ಕಾಲದ ಡಿಫ್ರಾಗ್ ಬೇಡ. ಅದರ ಆರೈಕೆಯನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ಇನ್ನೊಂದು ಮಾತು. 'ಕಂಪ್ಯೂಟರ್ ಸರಿಮಾಡುತ್ತೇವೆ' ಎಂದು ಯಾರಾದರೂ ಫೋನು ಮಾಡಿ ಓಟಿಪಿ ಕೇಳಿದರೆ ಕೊಡಬೇಡಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಸುಮ್ಮನಿದ್ದರೆ ಕಳ್ಳನಿಗೇ ಲಾಭ.